ಕಬ್ಬಿನ ಹಾಲೂ ಬೆಳಕಿನ ಬಳೆಯೂ

ಬೆಳಗಾವಿ ಜಿಲ್ಲೆಯ ವಾಯವ್ಯ ಮೂಲೆಯಲ್ಲಿ, ಪುಣೆಯಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯು ಮಹಾರಾಷ್ಟ್ರವನ್ನು ಬಿಟ್ಟು ಕರ್ನಾಟಕವನ್ನು ಹೊಗುವ ಎಡೆಯಲ್ಲಿ, ಕೊಗನೊಳ್ಳಿಯೆಂಬ ಗ್ರಾಮವಿರುವುದು. ನಿಪ್ಪಾಣಿಯ ಸೀಮೆ ತಂಬಾಕಿಗೆ ಹೆಸರಾದುದು. ಆದರೆ ದೂಧಗಂಗೆ, ವೇದಗಂಗೆ, ಕೃಷ್ಣೆಯರ ನೀರನ್ನುಂಡ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಒಕ್ಕಲುತನಕ್ಕೆ ಕಬ್ಬು ದೊಡ್ಡ ಆಧಾರವಾಗಿದೆ. ಸುಗ್ಗಿಯ ಕಾಲದಲ್ಲಿ ಈ ದಾರಿಗಳಲ್ಲಿ ಸಾಗುವ ಕಬ್ಬಿನ ಬಂಡಿಗಳು ಒಂದು ಕಾರ್ಖಾನೆಗೆ ಹೋಗುವವಲ್ಲ. ಗಡಿಯ ಈಚೆಯ ಕಬ್ಬು ಆಚೆಯ ಕಾರ್ಖಾನೆಯನ್ನು ಸೇರುವುದೂ ಉಂಟು.

ಕಾರ್ಖಾನೆಗಳು ಬರುವುದಕ್ಕೆ ಮುಂಚೆ ಕಬ್ಬಿನ ಗುಣವನ್ನು ನಿರ್ಣಯಿಸುತ್ತಿದ್ದುದು ನಾಲಗೆ ಮತ್ತು ಬೆರಳು. ಗಳೆಯನ್ನು ಅಗಿದು ಸವಿ ನೋಡುವರು. ಗಾಣದ ಮನೆಯಲ್ಲಿ ಕೊಪ್ಪರಿಗೆಯ ಪಾಕದಿಂದ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಅದು ಉಂಡೆ ಕಟ್ಟಿದರೆ ಹದ ಬಂದಿತೆಂದು ತಿಳಿಯುವರು. ಬೆಲ್ಲದ ಕೆಲಸಕ್ಕೆ ಇಷ್ಟು ಸಾಕು. ಕಾರಣವೇನೆಂದರೆ ಕಬ್ಬಿನ ಹಾಲಿನಲ್ಲಿ ಕರಗಿರುವ ಬಹುಭಾಗವೆಲ್ಲ ಬೆಲ್ಲದ ಅಚ್ಚಿಗೆ ಇಳಿಯುವುದು. ಸಕ್ಕರೆಯ ಕಾರ್ಖಾನೆಯ ಮಾತೇ ಬೇರೆ. ಅಲ್ಲಿ ಹರಳುಗಟ್ಟುವುದು ಸುಕ್ರೋಸ್ ಎಂಬ ಒಂದೇ ಸಕ್ಕರೆ. ಉಳಿದುದೆಲ್ಲ ಕಾಕಂಬಿಯಾಗಿ ಹರಿದುಹೋಗುವುದು. ಹಾಲಿನ ನೂರು ಭಾಗದಲ್ಲಿ ಹರಳಾಗತಕ್ಕ ಭಾಗವೆಷ್ಟು ಎಂಬ ಪ್ರಶ್ನೆಗೆ ನಾಲಗೆಯು ಉತ್ತರ ಕೊಡಲಾರದು. ಈ ಉತ್ತರವನ್ನು ಕೊಡುವ ಉಪಕರಣಕ್ಕೆ ಪೋಲಾರಿಮೀಟರ್ ಎಂದು ಹೆಸರು. ಅದರ ಹಳೆಯ ರೂಪವನ್ನು ನೋಡಿದರೆ ಒಂದು ಉದ್ದನೆಯ ಕೊಳವೆ, ಎರಡು ತುದಿಗಳಲ್ಲಿ ಎರಡು ಪಟ್ಟಕಗಳು, ಒಂದು ಪಟ್ಟಕವನ್ನು ಹಿಡಿದುಕೊಂಡು ತಿರುಗುವ ಗೆರೆ ಕೊರೆದ ಹಿತ್ತಾಳೆಯ ಬಳೆ, ಇಷ್ಟೇ. ಪಟ್ಟಕಗಳ ಕೀರ್ತಿಯನ್ನು ಗ್ರಂಥಗಳು ಹಾಡಿವೆ. ಬಳೆಯ ಚರಿತ್ರೆಯನ್ನು ಕೇಳಿದವರು ಕಡಿಮೆ.

ಬೆಳಕಿಗೂ ತಿರುಗುವ ಬಳೆಗೂ ಏನು ಸಂಬಂಧವೆಂಬುದನ್ನು ಮೊದಲು ತಿಳಿಯಬೇಕು. ಬೆಳಕು ತಾನು ಸಾಗುವ ದಾರಿಗೆ ಅಡ್ಡಲಾಗಿ ಕಂಪಿಸುವ ಅಲೆ. ಸೂರ್ಯನ ಅಥವಾ ದೀಪದ ಬೆಳಕಿನಲ್ಲಿ ಈ ಕಂಪನವು ಎಲ್ಲ ದಿಕ್ಕುಗಳಲ್ಲಿಯೂ ಬೆರೆತಿರುವುದು. ಒಂದೇ ದಿಕ್ಕಿನ ಕಂಪನವುಳ್ಳ ಬೆಳಕಿಗೆ ಧ್ರುವೀಕೃತ ಬೆಳಕೆಂದು ಹೆಸರು. ಹಗ್ಗವೊಂದನ್ನು ಕಿಟಕಿಯ ಕಂಬಿಗಳ ಸಂದಿಯಲ್ಲಿ ಹಾಯಿಸಿ ಅಲ್ಲಾಡಿಸಿದರೆ, ಕಂಬಿಗಳು ನೆಟ್ಟಗಿರುವಾಗ ಮೇಲೆ ಕೆಳಗೆ ಆಡುವ ಅಲೆ ದಾಟಿಹೋಗುವುದು. ಕಂಬಿಗಳು ಅಡ್ಡವಾಗಿದ್ದರೆ ಅಲ್ಲಿಯೇ ತಡೆದು ನಿಲ್ಲುವುದು. ಕೆಲವು ಸ್ಫಟಿಕಗಳು ಬೆಳಕಿಗೆ ಇಂತಹ ಕಂಬಿಗಳಾಗಿ ಪರಿಣಮಿಸುತ್ತವೆ. ಮನುಷ್ಯನ ಕಣ್ಣಿಗೆ ಬೆಳಕಿನ ಬಣ್ಣವೂ ಪ್ರಕಾಶವೂ ತಿಳಿಯುತ್ತವೆ. ಕಂಪನದ ದಿಕ್ಕು ಸಾಧಾರಣವಾಗಿ ತಿಳಿಯದು. ಅದನ್ನು ತಿಳಿಯುವ ಉಪಾಯವೆಂದರೆ ಸ್ಫಟಿಕವನ್ನು ತಿರುಗಿಸಿ, ಎಲ್ಲಿ ಕತ್ತಲಾಯಿತೆಂದು ನೋಡುವುದು. ಆದುದರಿಂದ ಈ ವಿದ್ಯೆಯಲ್ಲಿ ತಿರುಗಿಸುವುದೇ ನೋಡುವುದಕ್ಕೆ ಸಮಾನವಾಗಿದೆ.

ಐಸ್‌ಲೆಂಡಿನಿಂದ ಬರುತ್ತಿದ್ದ ಕ್ಯಾಲ್ಸೈಟ್ ಸ್ಫಟಿಕದ ಮೂಲಕ ನೋಡಿದರೆ ಒಂದು ವಸ್ತು ಎರಡಾಗಿ ಕಾಣುವುದೆಂಬುದನ್ನು ಡೆನ್ಮಾರ್ಕಿನ ಬಾರ್ಥೊಲಿನನು ೧೬೬೯ರಲ್ಲಿ ಪ್ರಕಟಿಸಿದನು. ಇಂತಹ ಎರಡು ಸ್ಫಟಿಕಗಳನ್ನು ಒಂದರ ಹಿಂದೆ ಒಂದಿಟ್ಟು ತಿರುಗಿಸಿದರೆ ಬಿಂಬಗಳು ಮಂಕಾಗಿ ಮಾಯವಾಗುವುವೆಂಬುದನ್ನು ಹಾಲೆಂಡಿನ ಹೈಗನ್ಸನು ಕಂಡನು. ಅದಕ್ಕೆ ಕಾರಣವು ಅವನಿಗೆ ಹೊಳೆಯಲಿಲ್ಲ. ೧೮೦೮ರಲ್ಲಿ ಪ್ಯಾರಿಸ್ಸಿನ ಮಾಲೂಸನು ಲಕ್ಸೆಂಬರ್ಗ್ ಅರಮನೆಯ ಕಿಟಕಿಗಳಲ್ಲಿ ಪ್ರತಿಫಲಿಸಿದ ಸಂಜೆಯ ಸೂರ್ಯನನ್ನು ಕ್ಯಾಲ್ಸೈಟಿನ ಮೂಲಕ ನೋಡುತ್ತ ಅದನ್ನು ತಿರುಗಿಸಲು, ಎರಡು ಬಿಂಬಗಳಲ್ಲಿ ಒಂದು ಅಡಗಿಹೋಯಿತು. ಗಾಜಿನಿಂದ ಪ್ರತಿಫಲಿಸಿದ ಬೆಳಕು ಧ್ರುವೀಕೃತವಾಗುವುದೆಂದು ಅವನು ಇದರಿಂದ ಗ್ರಹಿಸಿದನು. ತಿರುಗಿಸಿದ ಕೋನಕ್ಕೂ ಉಳಿಯುವ ಬೆಳಕಿಗೂ ಇರುವ ನಿಯಮವನ್ನೂ ಅವನೇ ಹೇಳಿದನು: ಎರಡು ಧ್ರುವಕಗಳ ನಡುವೆ ೪೫ ಅಂಶವಿದ್ದರೆ ಅರ್ಧ ಬೆಳಕು, ೬೦ ಅಂಶವಿದ್ದರೆ ಕಾಲು ಭಾಗ, ೯೦ ಅಂಶವಿದ್ದರೆ ಪೂರ್ಣ ಕತ್ತಲು.

ಮಾಲೂಸನ ಸ್ಫಟಿಕ ಕೈಯಲ್ಲಿ ತಿರುಗಿತು. ಕೈ ತಿರುಗಿಸಿದ ಕೋನಕ್ಕೆ ಲೆಕ್ಕವಿಲ್ಲ. ಲೆಕ್ಕವನ್ನು ತಂದವನು ಬಿಯೋ ಎಂಬ ಫ್ರೆಂಚ್ ಪಂಡಿತ. ಟರ್ಪೆಂಟೈನ್ ಎಣ್ಣೆ, ಸಕ್ಕರೆಯ ನೀರು ಮೊದಲಾದ ದ್ರವಗಳ ಮೂಲಕ ಧ್ರುವೀಕೃತ ಬೆಳಕನ್ನು ಹಾಯಿಸಿದರೆ ಅದರ ಕಂಪನದ ದಿಕ್ಕೇ ಸುತ್ತಿಕೊಳ್ಳುವುದೆಂದು ಅವನು ೧೮೧೫ರಲ್ಲಿ ಕಂಡುಕೊಂಡನು. ದ್ರವದ ಉದ್ದ ಇಮ್ಮಡಿಯಾದರೆ ಸುತ್ತು ಇಮ್ಮಡಿ. ಕರಗಿದ ಸಕ್ಕರೆ ಇಮ್ಮಡಿಯಾದರೂ ಸುತ್ತು ಇಮ್ಮಡಿ. ಅಂದಮೇಲೆ ಸುತ್ತನ್ನು ಅಳೆದರೆ ಸಕ್ಕರೆಯನ್ನು ಅಳೆದಂತಾಯಿತು. ಬಿಯೋನ ಯಂತ್ರದಲ್ಲಿ ಕಪ್ಪು ಗಾಜಿನ ಕನ್ನಡಿಯೊಂದು ಬೆಳಕನ್ನು ಧ್ರುವೀಕರಿಸುತ್ತಿತ್ತು. ಇನ್ನೊಂದು ತುದಿಯಲ್ಲಿ ಕ್ಯಾಲ್ಸೈಟಿನ ಪಟ್ಟಕವು ಅಂಶಗಳನ್ನು ಗುರುತಿಸಿದ ವೃತ್ತದ ಮೇಲೆ ತಿರುಗುತ್ತಿತ್ತು. ನೀರು ತುಂಬಿದ ಕೊಳವೆಯಿಟ್ಟು ಕತ್ತಲಾಗುವ ಸ್ಥಾನವನ್ನು ಮೊದಲು ಓದುವುದು, ಸಕ್ಕರೆಯ ನೀರನ್ನಿಟ್ಟು ಮತ್ತೆ ಕತ್ತಲಾಗುವವರೆಗೆ ತಿರುಗಿಸಿ ಓದುವುದು. ಎರಡರ ವ್ಯತ್ಯಾಸವೇ ಬೇಕಾದ ಕೋನ.

೧೮೨೮ರಲ್ಲಿ ಎಡಿನ್‌ಬರೋದ ವಿಲಿಯಂ ನಿಕೋಲನು ಕ್ಯಾಲ್ಸೈಟನ್ನು ಓರೆಯಾಗಿ ಸೀಳಿ, ಕೆನಡಾ ಬಾಲ್ಸಮ್ ಎಂಬ ಪಾರದರ್ಶಕ ಅಂಟಿನಿಂದ ಮತ್ತೆ ಕೂಡಿಸಿ, ಎರಡು ಬಿಂಬಗಳಲ್ಲಿ ಒಂದನ್ನು ಪಕ್ಕಕ್ಕೆ ಅಟ್ಟುವ ಪಟ್ಟಕವನ್ನು ಮಾಡಿದನು. ಮುಂದೆ ಜರ್ಮನಿಯ ಮಿಚರ್ಲಿಖನು ಇಂತಹ ಎರಡು ಪಟ್ಟಕಗಳ ನಡುವೆ ಕೊಳವೆಯನ್ನಿರಿಸಿ, ಒಂದನ್ನು ಬಳೆಯಲ್ಲಿ ತಿರುಗಿಸುವ ಸರಳ ಯಂತ್ರವನ್ನು ರೂಪಿಸಿದನು. ಅದೇ ಕಾಲದಲ್ಲಿ ಪ್ಯಾರಿಸ್ಸಿನ ಸೊಲೇಯ್ ಬೇರೆ ದಾರಿಯನ್ನು ಹಿಡಿದನು. ಅವನ ಯಂತ್ರದಲ್ಲಿ ಪಟ್ಟಕ ತಿರುಗುವುದಿಲ್ಲ. ಸಕ್ಕರೆ ಬೆಳಕನ್ನು ಎಷ್ಟು ಸುತ್ತಿತೋ ಅಷ್ಟನ್ನೇ ಹಿಂದಕ್ಕೆ ಸುತ್ತುವಂತೆ ಬೆಣೆಯಾಕಾರದ ಕ್ವಾರ್ಟ್ಸ್ ತುಂಡುಗಳನ್ನು ಸರಿಸುವರು. ಇದರಲ್ಲಿ ಸಾಧಾರಣ ದೀಪದ ಬಿಳಿಯ ಬೆಳಕು ಸಾಕಾದುದರಿಂದ ಸಕ್ಕರೆಯ ವ್ಯಾಪಾರದಲ್ಲಿ ಇದು ಬಹಳ ಕಾಲ ಬಳಕೆಯಲ್ಲಿತ್ತು. ತಿರುಗುವ ಬಳೆಯಾದರೋ ಎಲ್ಲ ಬಗೆಯ ದ್ರವಗಳಿಗೂ ಸಲ್ಲುವುದರಿಂದ ಪ್ರಯೋಗಶಾಲೆಗಳಲ್ಲಿ ನೆಲೆಯಾಗಿ ನಿಂತಿತು.

ಈ ಯಂತ್ರಗಳಿಗೆ ಬೇಡಿಕೆಯು ಬಂದುದು ಸುಂಕದ ಕಟ್ಟೆಗಳಿಂದ. ೧೯ನೆಯ ಶತಮಾನದಲ್ಲಿ ಸಕ್ಕರೆಯ ಸುಂಕವನ್ನು ಬಣ್ಣ ನೋಡಿ ಗೊತ್ತುಮಾಡುತ್ತಿದ್ದರು. ಸೀಸೆಗಳಲ್ಲಿ ತುಂಬಿಟ್ಟ ಡಚ್ ಮಾದರಿಗಳೊಡನೆ ಹೋಲಿಸಿ, ಬಿಳುಪಾದಷ್ಟೂ ಹೆಚ್ಚು ಸುಂಕವನ್ನು ಹಾಕುವರು. ವ್ಯಾಪಾರಿಗಳು ಒಳ್ಳೆಯ ಸಕ್ಕರೆಗೆ ಬೇಕೆಂದೇ ಕಪ್ಪುಬಣ್ಣ ಕಟ್ಟಿಸಿ ತರತೊಡಗಿದರು. ಈ ಮೋಸಕ್ಕೆ ಕಣ್ಣಿನಲ್ಲಿ ಮದ್ದಿರಲಿಲ್ಲ. ೧೮೮೩ರ ಕಾಯಿದೆಯಿಂದ ಅಮೆರಿಕವು ಕಚ್ಚಾ ಸಕ್ಕರೆಯನ್ನು ಧ್ರುವೀಕೃತ ಬೆಳಕಿನಿಂದ ಪರೀಕ್ಷಿಸತೊಡಗಿತು: ೭೫ ಮಾನದವರೆಗೆ ಒಂದು ದರ, ಮುಂದೆ ಒಂದೊಂದು ಮಾನಕ್ಕೂ ಇಷ್ಟಿಷ್ಟು ಹೆಚ್ಚು. ಬಣ್ಣ ಬದಲಾದರೂ ಸುತ್ತು ಬದಲಾಗದು. ಇನ್ನು ಒಂದು ದೇಶದ ಮಾನ ಇನ್ನೊಂದಕ್ಕೆ ಹೊಂದಬೇಕಲ್ಲವೆ? ಅದಕ್ಕಾಗಿ ೧೮೯೭ರಲ್ಲಿ ಹ್ಯಾಂಬರ್ಗ್ ಪಟ್ಟಣದಲ್ಲಿ ಸಕ್ಕರೆ ಪರೀಕ್ಷೆಯ ಅಂತರರಾಷ್ಟ್ರೀಯ ಆಯೋಗವು ಹುಟ್ಟಿತು. ೨೬ ಗ್ರಾಂ ಶುದ್ಧ ಸಕ್ಕರೆಯನ್ನು ೨೦ ಸೆಂಟಿಗ್ರೇಡ್ ಉಷ್ಣದಲ್ಲಿ ೧೦೦ ಮಿಲಿಲೀಟರಾಗುವಂತೆ ನೀರಿನಲ್ಲಿ ಕರಗಿಸಿ, ೨೦ ಸೆಂಟಿಮೀಟರ್ ಉದ್ದದ ಕೊಳವೆಯಲ್ಲಿ ನೋಡಿದರೆ ಬರುವ ಓದಿಗೆ ೧೦೦ ಮಾನವೆಂದು ಲೋಕವೆಲ್ಲ ಒಪ್ಪಿದೆ. ಸೋಡಿಯಂ ದೀಪದ ಹಳದಿ ಬೆಳಕಿನಲ್ಲಿ ಈ ನೂರು ಮಾನಕ್ಕೆ ಸಮನಾದ ಸುತ್ತು ಸುಮಾರು ೩೪.೬೩ ಅಂಶ.

ಈ ಅಂಕಿಯಿಂದ ಬಳೆಯ ಮೇಲೆ ಬೀಳುವ ಹೊಣೆ ಎಷ್ಟೆಂದು ಗಣಿಸಬಹುದು. ಒಂದು ಮಾನದ ಹತ್ತನೆಯ ಒಂದು ಭಾಗವನ್ನು ನಂಬಿಕೆಯಿಂದ ಓದಬೇಕಾದರೆ ಅಂಶದ ಮೂವತ್ತನೆಯ ಒಂದು ಭಾಗವನ್ನು, ಪಂಚಾಂಗದ ಭಾಷೆಯಲ್ಲಿ ಹೇಳುವುದಾದರೆ ಎರಡು ಕಲೆಗಳನ್ನು, ಗುರುತಿಸಬೇಕು. ನಡುವಿನಿಂದ ಅಂಚಿಗೆ ೧೦ ಸೆಂಟಿಮೀಟರುಳ್ಳ ಬಳೆಯ ಮೇಲೆ ಇದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಿರಿದು. ಇಷ್ಟು ಸಣ್ಣ ಸಂದನ್ನು ಬರಿಗಣ್ಣು ಗುರುತಿಸಲಾರದಾದುದರಿಂದ, ಫ್ರಾನ್ಸಿನ ವರ್ನಿಯೆ ೧೬೩೧ರಲ್ಲಿ ಹೇಳಿದ್ದ ಉಪಾಯವು ಇಲ್ಲಿ ಒದಗಿತು. ದೊಡ್ಡ ಅಳತೆಪಟ್ಟಿಯ ಪಕ್ಕದಲ್ಲಿ, ತುಸು ಭಿನ್ನವಾದ ಅಂತರದ ಸಣ್ಣ ಪಟ್ಟಿಯೊಂದು ಜಾರುವುದು. ಎರಡರ ಯಾವ ಗೆರೆಗಳು ಕೂಡಿದುವೆಂದು ನೋಡಿ ಅಂಶದ ಅಂಶವನ್ನು ಓದುವರು.

ಬಳೆಯು ಚೆನ್ನಾಗಿ ತಿರುಗಿದರಷ್ಟೇ ಸಾಲದು. ಅದು ಸುಳ್ಳು ಹೇಳುವ ದಾರಿಗಳು ಹಲವು. ಬಳೆಯ ಕೇಂದ್ರವೂ ಗೆರೆಗಳ ಕೇಂದ್ರವೂ ಕೂದಲೆಳೆಯಷ್ಟು ತಪ್ಪಿದರೆ ಒಂದು ಬದಿಯ ಓದು ಹೆಚ್ಚಾಗಿಯೂ ಇನ್ನೊಂದು ಬದಿಯ ಓದು ಕಡಿಮೆಯಾಗಿಯೂ ಬರುವುದು. ಇದಕ್ಕೆ ಪರಿಹಾರವಾಗಿ ಎದುರುಬದುರಾಗಿ ಎರಡು ಕಡೆ ಓದಿ ಸರಾಸರಿ ತೆಗೆಯುವರು. ತಿರುಪಿನ ಹಲ್ಲುಗಳಲ್ಲಿ ಸಡಿಲವಿದ್ದರೆ ಬಲಕ್ಕೆ ತಿರುಗಿಸಿ ನಿಲ್ಲಿಸಿದ ಓದು ಎಡಕ್ಕೆ ತಿರುಗಿಸಿ ನಿಲ್ಲಿಸಿದ ಓದಿಗೆ ಹೊಂದದು. ಆದುದರಿಂದ ಯಾವಾಗಲೂ ಒಂದೇ ಕಡೆಯಿಂದ ಬಂದು ನಿಲ್ಲಿಸತಕ್ಕದ್ದು. ಕೊಳವೆಯ ಬಾಯಿಗೆ ಮುಚ್ಚುವ ಗಾಜಿನ ಬಿಲ್ಲೆಯನ್ನು ಅತಿಯಾಗಿ ಬಿಗಿದರೆ, ಒತ್ತಡಕ್ಕೆ ಸಿಕ್ಕ ಗಾಜೇ ಬೆಳಕಿನ ಸ್ಥಿತಿಯನ್ನು ಕೆಡಿಸಿ, ಇಲ್ಲದ ಸಕ್ಕರೆಯನ್ನು ಇದೆಯೆಂದೋ ಇರುವುದನ್ನು ಇಲ್ಲವೆಂದೋ ತೋರಿಸುವುದು. ಪಟ್ಟಕವನ್ನು ಬಳೆಯಲ್ಲಿ ಕೂರಿಸುವಾಗಲೂ ಇದೇ ಎಚ್ಚರ ಬೇಕು: ಅಲುಗದಷ್ಟು ಬಿಗಿ, ನೋಯದಷ್ಟು ಸಡಿಲ. ಪೂರ್ಣ ಕತ್ತಲೆಯ ಬಿಂದುವನ್ನು ಹಿಡಿಯುವುದು ಕಣ್ಣಿಗೆ ಕಷ್ಟವೆಂದು ತಿಳಿದ ಮೇಲೆ, ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಲೋರಾಂ, ಲಿಪ್ಪಿಖ್ ಮೊದಲಾದವರು ನೋಟದ ವೃತ್ತವನ್ನು ಭಾಗಮಾಡಿ, ಭಾಗಗಳೆಲ್ಲ ಸಮನಾಗಿ ಮಬ್ಬಾದಾಗ ಓದುವಂತೆ ಏರ್ಪಡಿಸಿದರು. ಕಣ್ಣು ಕತ್ತಲೆಯನ್ನು ಅಳೆಯಲಾರದಾದರೂ ಎರಡು ಮಬ್ಬುಗಳ ಹೋಲಿಕೆಯನ್ನು ಬಹು ಸೂಕ್ಷ್ಮವಾಗಿ ಮಾಡಬಲ್ಲದು.

ಕರ್ನಾಟಕದಲ್ಲಿ ಈ ಬಳೆಯು ಎರಡು ಬಗೆಯ ಮನೆಗಳಲ್ಲಿ ನೆಲೆಗೊಂಡಿತು; ಒಂದು ಶುದ್ಧವಿಜ್ಞಾನದ ಪ್ರಯೋಗಶಾಲೆ, ಇನ್ನೊಂದು ಸಕ್ಕರೆಯ ಕಾರ್ಖಾನೆ. ಮೊದಲನೆಯದರ ಫಲವನ್ನು ಲೋಕವು ತಡವಾಗಿ ಅರಿಯಿತು. ಸರ್ ಚಂದ್ರಶೇಖರ ವೆಂಕಟರಾಮನ್ ಅವರು ೧೯೪೮ರಲ್ಲಿ ಬೆಂಗಳೂರಿನಲ್ಲಿ ತಮ್ಮ ಸಂಶೋಧನ ಮಂದಿರವನ್ನು ಸ್ಥಾಪಿಸಿದರು. ಅಲ್ಲಿ ಅವರ ಸೋದರಳಿಯ ಎಸ್. ಪಂಚರತ್ನಂ ಎಂಬ ತರುಣನು ಸ್ಫಟಿಕಗಳಲ್ಲಿ ಬೆಳಕಿನ ನಡೆಯನ್ನು ಕುರಿತು ಕೆಲಸಮಾಡುತ್ತಿದ್ದನು. ೧೯೩೪ರಲ್ಲಿ ಹುಟ್ಟಿದ ಆತನು ೧೯೫೫ರಲ್ಲಿ ಮೂರು ಸ್ಫಟಿಕಫಲಕಗಳನ್ನು ಗೊತ್ತಾದ ಕೋನಗಳಲ್ಲಿ ತಿರುಗಿಸಿ ಕೂಡಿಸಿದರೆ, ಬಿಡಿ ಫಲಕವು ಒಂದು ಬಣ್ಣಕ್ಕೆ ಮಾತ್ರ ಮಾಡುವ ಕೆಲಸವನ್ನು ಆ ಗುಂಪು ಹಲವು ಬಣ್ಣಗಳಿಗೂ ಮಾಡುವುದೆಂದು ತೋರಿಸಿದನು. ಫಲಕಗಳು ಸಾಧಾರಣವಾದುವು, ಗುಣವೆಲ್ಲ ಅವುಗಳ ನಡುವಣ ಕೋನದಲ್ಲಿತ್ತು. ಆತನ ಹೆಸರಿನ ಫಲಕಗಳು ಈಗ ದೂರದರ್ಶಕಗಳ ಧ್ರುವೀಕರಣ ಯಂತ್ರಗಳಲ್ಲಿ ಬಳಕೆಯಾಗುತ್ತಿವೆ.

೧೯೫೬ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಪಂಚರತ್ನಂ ಮತ್ತೊಂದು ಸತ್ಯವನ್ನು ಪ್ರಕಟಿಸಿದನು. ಬೆಳಕಿನ ಧ್ರುವೀಕರಣದ ಸ್ಥಿತಿಗಳನ್ನೆಲ್ಲ ಒಂದು ಗೋಳದ ಮೇಲಣ ಬಿಂದುಗಳಾಗಿ ಗುರುತಿಸುವ ಪದ್ಧತಿಯನ್ನು ಫ್ರಾನ್ಸಿನ ಪ್ವಾಂಕಾರೆ ಹಾಕಿಕೊಟ್ಟಿದ್ದನು. ಬೆಳಕನ್ನು ಒಂದು ಸ್ಥಿತಿಯಿಂದ ಎರಡನೆಯದಕ್ಕೂ, ಅಲ್ಲಿಂದ ಮೂರನೆಯದಕ್ಕೂ ಕೊಂಡೊಯ್ದು ಮೊದಲಿನ ಸ್ಥಿತಿಗೇ ತಂದರೆ, ಅದು ಹೊರಟಂತೆಯೇ ಮರಳುವುದಿಲ್ಲ. ಅಲೆಯ ಹೆಜ್ಜೆಯಲ್ಲಿ ಒಂದು ವ್ಯತ್ಯಾಸ ಉಳಿಯುವುದು, ಆ ವ್ಯತ್ಯಾಸವು ಗೋಳದ ಮೇಲೆ ದಾರಿಯು ಸುತ್ತುವರಿದ ಘನಕೋನದ ಅರ್ಧಕ್ಕೆ ಸಮ. ಪ್ರದಕ್ಷಿಣೆ ಮಾಡಿ ಬಂದವನು ಅದೇ ಬಾಗಿಲಲ್ಲಿ ನಿಂತರೂ ನಡೆದ ದಾರಿಯ ಗುರುತು ಅವನಲ್ಲಿ ಉಳಿದಿರುವಂತೆ ಇದು. ಮೈಸೂರು ವಿಶ್ವವಿದ್ಯಾಲಯದಲ್ಲಿ ಕೆಲಕಾಲವಿದ್ದು ಆಕ್ಸ್‌ಫರ್ಡಿಗೆ ಹೋದ ಆತನು ೧೯೬೯ರಲ್ಲಿ ತೀರಿಕೊಂಡನು. ಇಂಗ್ಲೆಂಡಿನ ಮೈಕೆಲ್ ಬೆರ್ರಿ ೧೯೮೪ರಲ್ಲಿ ಇಂತಹುದೇ ವ್ಯಾಪಕ ತತ್ತ್ವವನ್ನು ಮಂಡಿಸಿದ ಮೇಲೆ, ೧೯೮೬ರಲ್ಲಿ ಬೆಂಗಳೂರಿನ ರಾಮಶೇಷನ್ ಮತ್ತು ರಾಜಾರಾಮ ನಿತ್ಯಾನಂದರು ಹಳೆಯ ಲೇಖನವನ್ನು ವಿದ್ವಾಂಸರ ಗಮನಕ್ಕೆ ತಂದರು. ಮರುವರ್ಷ ಬೆರ್ರಿಯೇ ಅದರ ಹಿರಿಮೆಯನ್ನು ಒಪ್ಪಿ ಬರೆದನು.

ಎರಡನೆಯ ಮನೆಯ ಕಥೆ ಹೊಲಕ್ಕೆ ಹತ್ತಿರವಾದುದು. ೧೯೩೨ರ ಸಂರಕ್ಷಣ ಕಾಯಿದೆಯು ಹೊರದೇಶದ ಸಕ್ಕರೆಗೆ ತಡೆಯೊಡ್ಡಿದುದರಿಂದ ಇಂಡಿಯದಲ್ಲಿ ಸಕ್ಕರೆಯ ಕಾರ್ಖಾನೆಗಳು ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಹೆಚ್ಚಿದವು. ಮಂಡ್ಯದ ಮೈಸೂರು ಸಕ್ಕರೆ ಕಂಪೆನಿಯು ೧೯೩೩ರಲ್ಲಿಯೂ, ಕೃಷ್ಣಾತೀರದ ಉಗಾರ ಖುರ್ದದಲ್ಲಿ ಉಗಾರ ಶುಗರ್ ವರ್ಕ್ಸ್ ೧೯೩೯ರಲ್ಲಿಯೂ ಸ್ಥಾಪಿತವಾದುವು. ತರುವಾಯ ಚಿಕ್ಕೋಡಿ, ನಿಪ್ಪಾಣಿ, ಸಂಕೇಶ್ವರಗಳಲ್ಲಿ ಸಹಕಾರಿ ಕಾರ್ಖಾನೆಗಳು ಎದ್ದವು. ಈ ವಿದ್ಯೆಯನ್ನು ಕಲಿಸುವುದಕ್ಕೆ ೧೯೩೬ರಲ್ಲಿ ಕಾನ್ಪುರದಲ್ಲಿ ಒಂದು ಸಂಸ್ಥೆಯು ಹುಟ್ಟಿತು; ಬೆಳಗಾವಿಯಲ್ಲಿ ಈಗ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಿದೆ.

ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕಬ್ಬಿನ ಹಾಲಿಗೆ ಎರಡು ಪರೀಕ್ಷೆಗಳು ಮುಖ್ಯವಾದುವು. ಬ್ರಿಕ್ಸ್ ಎಂಬ ಅಳತೆಯು ಹಾಲಿನಲ್ಲಿ ಕರಗಿರುವುದೆಲ್ಲವನ್ನೂ ತೋರಿಸುವುದು; ಪೋಲ್ ಎಂಬ ಅಳತೆಯು ಬೆಳಕನ್ನು ಸುತ್ತಿಸಿ ಸಕ್ಕರೆಯನ್ನು ತೋರಿಸುವುದು. ಬ್ರಿಕ್ಸ್ ೨೦ ಇದ್ದು ಪೋಲ್ ೧೭ ಇದ್ದರೆ ಹಾಲಿನ ಶುದ್ಧತೆ ನೂರಕ್ಕೆ ೮೫. ಹಾಲು ಕದಡಿರುವುದರಿಂದ ಸೀಸದ ಲವಣವನ್ನು ಬೆರೆಸಿ, ಸೋಸಿ, ತಿಳಿಯನ್ನು ಕೊಳವೆಗೆ ತುಂಬುವುದು ಹಳೆಯ ಕ್ರಮ. ಸೀಸವು ವಿಷವಾದುದರಿಂದ ಅದಿಲ್ಲದ ಕ್ರಮಗಳೂ ಬಂದಿವೆ. ಕಡಿದ ಕಬ್ಬು ಬಿಸಿಲಲ್ಲಿ ದಿನಗಟ್ಟಲೆ ಬಿದ್ದರೆ ಅದರ ಸುಕ್ರೋಸ್ ಒಡೆದು ಎರಡು ಸಣ್ಣ ಸಕ್ಕರೆಗಳಾಗುವುದು. ಸುಕ್ರೋಸ್ ಬೆಳಕನ್ನು ಬಲಕ್ಕೆ ಸುತ್ತಿಸಿದರೆ ಒಡೆದ ಮಿಶ್ರಣವು ಎಡಕ್ಕೆ ಸುತ್ತಿಸುವುದು. ನಾಲಗೆಗೆ ಇನ್ನೂ ಸಿಹಿಯಾಗಿಯೇ ತೋರುವ ಹಾಲಿನ ಕೇಡನ್ನು ಬಳೆಯು ಹಿಂದಕ್ಕೆ ಸರಿದು ತಿಳಿಸುವುದು. ಬಂಡಿಗಳು ಕಾರ್ಖಾನೆಯ ಬಾಗಿಲಲ್ಲಿ ಕಾದು ನಿಂತಷ್ಟೂ ಆಗುವ ನಷ್ಟಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿಯಿಲ್ಲ. ೨೦ನೆಯ ಶತಮಾನದ ಉತ್ತರಾರ್ಧದಲ್ಲಿ ಕಣ್ಣಿನ ಕೆಲಸವನ್ನು ವಿದ್ಯುತ್ತಿನ ಕಣ್ಣೂ, ಕೈಯ ಕೆಲಸವನ್ನು ಮೋಟಾರು ಅಥವಾ ತಂತಿಯ ಸುರುಳಿಯೂ ವಹಿಸಿಕೊಂಡವು. ಈಗ ಅಂಕಿಯು ಗಾಜಿನ ಪರದೆಯ ಮೇಲೆ ತಾನಾಗಿ ಮೂಡುವುದು. ಅಳೆಯುವುದು ಮಾತ್ರ ಬಿಯೋ ಅಳೆದ ಸುತ್ತನ್ನೇ.

ಇಂಡಿಯದಲ್ಲಿ ರೈತನಿಗೆ ಕೊಡತಕ್ಕ ಕನಿಷ್ಠ ದರವನ್ನು ಕೇಂದ್ರ ಸರಕಾರವು ಸಕ್ಕರೆ ಇಳುವರಿಗೆ ಕಟ್ಟಿದೆ. ೨೦೦೯–೧೦ರಲ್ಲಿ ಈ ಪದ್ಧತಿಯು ಬಂದಾಗ ಆಧಾರದ ಇಳುವರಿ ನೂರಕ್ಕೆ ೯.೫ ಇತ್ತು; ೨೦೧೮–೧೯ರಲ್ಲಿ ೧೦ಕ್ಕೂ, ೨೦೨೨–೨೩ರಲ್ಲಿ ೧೦.೨೫ಕ್ಕೂ ಏರಿತು. ೨೦೨೫–೨೬ರ ಹಂಗಾಮಿಗೆ ೧೦.೨೫ ಇಳುವರಿಗೆ ಕ್ವಿಂಟಲಿಗೆ ೩೫೫ ರೂಪಾಯಿಯೆಂದೂ, ಅದರ ಮೇಲಣ ಪ್ರತಿ ೦.೧ಕ್ಕೆ ೩ ರೂಪಾಯಿ ೪೬ ಪೈಸೆಯೆಂದೂ ಗೊತ್ತುಮಾಡಲಾಯಿತು. ಟನ್ನಿನ ಲೆಕ್ಕದಲ್ಲಿ ಇದು ೩೪ ರೂಪಾಯಿ ೬೦ ಪೈಸೆ. ಲಕ್ಷ ಟನ್ನಿನ ಮೇಲೆ ಮೂವತ್ತನಾಲ್ಕು ಲಕ್ಷದ ಅರುವತ್ತು ಸಾವಿರ ರೂಪಾಯಿ. ದಶಮಾಂಶದ ಒಂದು ಸ್ಥಾನಕ್ಕೆ ಇಷ್ಟು ಬೆಲೆಯುಂಟು. ೨೦೨೫ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ ೩೫೦೦ ರೂಪಾಯಿ ಬೇಕೆಂದು ರೈತರು ಧರಣಿ ಕುಳಿತಾಗ, ದರದ ಮಾತಿನ ಜೊತೆಗೆ ಇಳುವರಿಯ ಮಾತೂ ಬಂದುದು ಸಹಜವಾಗಿತ್ತು.

ಇಳುವರಿಯೆಂಬುದು ಅರೆದ ಕಬ್ಬಿನ ತೂಕಕ್ಕೂ ಚೀಲ ತುಂಬಿದ ಸಕ್ಕರೆಯ ತೂಕಕ್ಕೂ ಇರುವ ಪ್ರಮಾಣ. ಅದು ಇಡೀ ಕಾರ್ಖಾನೆಯ ಸರಾಸರಿಯೇ ಹೊರತು ಒಬ್ಬೊಬ್ಬ ರೈತನ ಕಬ್ಬಿನ ಗುಣವಲ್ಲ. ಇಳುವರಿ ಕುಗ್ಗಿದರೆ ಅದಕ್ಕೆ ಕಾರಣಗಳು ಎರಡಿರಬಹುದು: ಕಬ್ಬಿನಲ್ಲಿಯೇ ಸಕ್ಕರೆ ಕಡಿಮೆಯಿದ್ದುದು ಒಂದು, ಇದ್ದ ಸಕ್ಕರೆಯು ಸಿಪ್ಪೆಯಲ್ಲಿ, ಮಡ್ಡಿಯಲ್ಲಿ, ಕಾಕಂಬಿಯಲ್ಲಿ ಕಳೆದುಹೋದುದು ಇನ್ನೊಂದು. ಚೀಲದ ತೂಕವು ಈ ಎರಡನ್ನು ಬೇರ್ಪಡಿಸಲಾರದು. ಹಾಲಿನಲ್ಲಿದ್ದುದೆಷ್ಟು, ಸಿಪ್ಪೆಯೊಡನೆ ಹೋದುದೆಷ್ಟು, ಕಾಕಂಬಿಯಲ್ಲಿ ಉಳಿದುದೆಷ್ಟು ಎಂದು ಹಂತಹಂತವಾಗಿ ಹೇಳುವ ಲೆಕ್ಕಕ್ಕೆ ಬೆಳಕಿನ ಬಳೆಯೇ ಬುನಾದಿ. ಹೊಲದ ಕೊರತೆ ಯಾವುದು, ಯಂತ್ರದ ಕೊರತೆ ಯಾವುದು ಎಂಬ ನ್ಯಾಯವು ಆ ಓದುಗಳಲ್ಲಿ ಅಡಗಿರುವುದು.

ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ಪ್ರಾಂತವು ೧೯೧೫ರಲ್ಲಿಯೇ ಕಬ್ಬಿನ ದರಕ್ಕೆ ಕಾಯಿದೆಯೊಂದನ್ನು ಮಾಡಿತು. ಬೆಳೆಗಾರನ ಕಬ್ಬಿನ ಹಾಲಿನ ಪೋಲ್ ಮತ್ತು ಬ್ರಿಕ್ಸ್‌ಗಳಿಂದ ಗಣಿಸಿದ ಗುಣಕ್ಕೆ ತಕ್ಕಂತೆ ಬೆಲೆ ಕೊಡುವ ಪದ್ಧತಿಯು ಅಲ್ಲಿ ನೆಲೆಗೊಂಡಿತು. ಹಾಗೆ ಮಾಡುವುದಕ್ಕೆ ಬೇಕಾದ ಉಪಕರಣವು ಚಿಕ್ಕೋಡಿ, ನಿಪ್ಪಾಣಿ, ಅಥಣಿಗಳ ಕಾರ್ಖಾನೆಗಳಿಗೆ ಹೊಸತಲ್ಲ. ಸಾವಿರಾರು ಸಣ್ಣ ಹಿಡುವಳಿಗಳ ಕಬ್ಬನ್ನು ಬಂಡಿಗೊಂದರಂತೆ ಪರೀಕ್ಷಿಸುವುದು ಕಷ್ಟಸಾಧ್ಯವೆಂಬುದು ನಿಜ. ಆದರೆ ದಿನದಿನದ ಓದುಗಳನ್ನು ರೈತನ ಕಣ್ಣಿಗೆ ಬೀಳುವಂತೆ ಹಲಗೆಯ ಮೇಲೆ ಬರೆಯುವುದಕ್ಕೆ ಹೊಸ ಯಂತ್ರವೇನೂ ಬೇಡ.

ಕೊಗನೊಳ್ಳಿಯ ಕಬ್ಬು ಗಡಿಯ ಯಾವ ಬದಿಯ ಕಾರ್ಖಾನೆಗೆ ಹೋದರೂ ಅದರ ಹಾಲು ಬೆಳಕನ್ನು ಒಂದೇ ಸಮನಾಗಿ ಸುತ್ತಿಸುವುದು. ಕನ್ನಡದಲ್ಲಿ ಓದಿದರೂ ಮರಾಠಿಯಲ್ಲಿ ಓದಿದರೂ ನೂರು ಮಾನಕ್ಕೆ ೨೬ ಗ್ರಾಮೇ. ಬಣ್ಣ ಕಟ್ಟಿದ ಸಕ್ಕರೆಯ ಮೋಸವನ್ನು ಸುಂಕದ ಕಟ್ಟೆಯಲ್ಲಿ ಬಯಲು ಮಾಡಿದ ಈ ಸಣ್ಣ ಉಪಕರಣವು, ಬೆಳೆದವನ ಮತ್ತು ಅರೆಯುವವನ ನಡುವಣ ಲೆಕ್ಕವನ್ನೂ ತಿಳಿಗೊಳಿಸಬಲ್ಲದು; ಅದಕ್ಕೆ ಬೇಕಾದುದು ಓದಿದ ಅಂಕಿಯನ್ನು ಇಬ್ಬರ ಮುಂದೆಯೂ ಇಡುವ ಏರ್ಪಾಡು ಮಾತ್ರ.